ರಾಸೇ ದ್ವೀಪದ ರೀಲ್ ನನ್ನ ಪಿಟೀಲಿನಲ್ಲಿ ಕೂರುತ್ತಿಲ್ಲ, ಕೊನೆಗೆ ‘ಸ’ ಕೂಡ ಬರಲ್ಲ

ಪಿಟೀಲುಪ್ರಿಯೆ:
ನಮಸ್ಕಾರ. ಹತ್ತು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದೇನೆ, ಈಗ ಎಡಿನ್‌ಬರೋದಲ್ಲಿದ್ದೇನೆ. ಇಲ್ಲಿ ವಾರಕ್ಕೊಮ್ಮೆ ಕೆಲವರು ಸೇರಿ ಜಾನಪದ ರೀಲ್‌ಗಳನ್ನು (ಕುಣಿತಕ್ಕೆ ನುಡಿಸುವ ವೇಗದ ರಾಗಗಳು) ನುಡಿಸುತ್ತಾರೆ. ‘ಮಿಸೆಸ್ ಮೆಕ್ಲೌಡ್ ಆಫ್ ರಾಸೇ’ ಕಲಿಯಬೇಕು ಅಂತ ತುಂಬಾ ಆಸೆ. ಆದರೆ ಪುಸ್ತಕದಲ್ಲಿರುವ ಬೆರಳಿನ ಅಂಕಿ ನೋಡಿ ನುಡಿಸಿದರೆ ಬೇರೆಯೇ ಸ್ವರ ಬರುತ್ತೆ. ನನ್ನ ತಂತಿಗಳು ಸ-ಪ-ಸ-ಪ, ಶ್ರುತಿ ಜಿ (ಪಾಶ್ಚಾತ್ಯರ G ಸ್ವರವೇ ನನ್ನ ‘ಸ’). ಐರಿಷ್ ರೆಕಾರ್ಡಿಂಗ್ ಕೂಡ ಜಿ, ಆದರೆ ಇಲ್ಲಿಯವರು ಎ ಶ್ರುತಿಯಲ್ಲಿ ನುಡಿಸುತ್ತಾರೆ. ಇನ್ನೊಂದು ವಿಷಯ, ರಾಗ ‘ರಿ’ಯಲ್ಲೇ ನಿಂತುಬಿಡುತ್ತೆ. ನನ್ನ ರೆಕಾರ್ಡಿಂಗ್ ಅರ್ಧಕ್ಕೆ ತುಂಡಾಗಿದೆಯಾ?

ನಾಲ್ಕುತಂತಿ:
ತುಂಡಾಗಿಲ್ಲ ಮೇಡಂ, ಇದು ಹಾಗೇ ಇರುವ ರೀಲ್. ಕುಣಿಯುವವರಿಗೆ ನಿಲ್ಲುವ ಜಾಗ ಬೇಡ, ಅಲ್ವಾ? ‘ರಿ’ಯಿಂದ ಜಾರಿ ಮತ್ತೆ ಮೊದಲ ‘ಸ’ಕ್ಕೆ ಬೀಳುತ್ತೆ, ಸುತ್ತುತ್ತಲೇ ಇರುತ್ತೆ. ನಿಲ್ಲಿಸುವಾಗ ಕೊನೆಯಲ್ಲಿ ಒಂದು ‘ಸ’ ಎಳೆಯಿರಿ. ಇಲ್ಲವೇ ಎರಡು ಮೂರು ಸಲ ನುಡಿಸಿ ಬೇರೆ ರೀಲ್‌ಗೆ ಹೋಗಿ.

ಪುಸ್ತಕದ ಅಂಕಿಗಳು ಪಾಶ್ಚಾತ್ಯ ಪಿಟೀಲಿನ ಮಾಮೂಲಿ ಜಿ-ಡಿ-ಎ-ಇ ಶ್ರುತಿಗೆ ಬರೆದವು. ನೀವು ಅವನ್ನು ಬಿಟ್ಟುಬಿಡಿ, ಸ್ವರ ಹಿಡಿಯಿರಿ. ಶುರು ಹೀಗಿದೆ: ಸ , ಗ ಸ | ಪ ಸ ಗ ಸ. ದಪ್ಪ ತಂತಿಯಿಂದ ಎಣಿಸಿದರೆ ನಿಮ್ಮ ಮೂರನೇ ತಂತಿ ಬರಿದೇ ‘ಸ’, ನಾಲ್ಕನೆಯದು ಬರಿದೇ ‘ಪ’. ‘ಗ’ಕ್ಕೆ ಮಾತ್ರ ಒಂದು ಬೆರಳು ಸಾಕು! ಜಿ-ಡಿ-ಎ-ಇ ತಂತಿಯವರು ಜಿಯಲ್ಲಿ ನುಡಿಸಿದರೆ ಇದಕ್ಕೇ ಮೂರು ಕಡೆ ಬೆರಳು ಇಡಬೇಕು. ಅಮೆರಿಕದ ಹಳೆ ಫಿಡಲ್‌ಕಾರರು ಎ-ಇ-ಎ-ಇ ಇಡುತ್ತಾರೆ, ಅದು ನಿಮ್ಮ ಸ-ಪ-ಸ-ಪನೇ. ಅಲ್ಲಿ ಈ ರೀಲ್‌ಗೆ ‘ಹಾಪ್ ಹೈ ಲೇಡೀಸ್’ ಅಂತ ಹೆಸರು. ಅವರ ಹಾಗೆ ಪಕ್ಕದ ಬರಿ ತಂತಿಯನ್ನೂ ಸೇರಿಸಿ ನುಡಿಸಿ ನೋಡಿ, ತಂಬೂರಿ ಹಿಂದೆ ಇದ್ದಂತೆ ಕೇಳಿಸುತ್ತೆ.

ಕಮಾನು:
ಎ ಶ್ರುತಿ ಬ್ಯಾಗ್‌ಪೈಪ್‌ಗೆ (ಚೀಲದ ಊದುವಾದ್ಯ) ಒಗ್ಗುವಂಥದ್ದು. ಅದರಲ್ಲಿರುವುದು ಒಂಬತ್ತೇ ಸ್ವರ, ಮನೆ ಸ್ವರ ಎ. ಸ್ಕಾಟ್‌ಲೆಂಡ್‌ನಲ್ಲಿ ಈ ರೀಲ್ ಪೈಪಿನವರಿಗೂ ಬೇಕಾದದ್ದು. 1809ರಲ್ಲಿ ಸ್ಕಾಟ್‌ಲೆಂಡ್‌ನ ಪಿಟೀಲುವಾದಕರಾದ ಗೋ (Gow) ಕುಟುಂಬದ ಸಂಗ್ರಹದಲ್ಲಿ ಅಚ್ಚಾಯಿತು. ಐರ್ಲೆಂಡ್‌ಗೆ ಹೋಗಿ ‘ಮಿಸ್ ಮೆಕ್ಲೌಡ್’ ಆಯಿತು, ಜಿಯಲ್ಲಿ ನೆಲೆಯಾಯಿತು.

ಎಗೆ ಹೋಗಬೇಕಾದರೆ ಕೆಳಗಿನ ಎರಡು ತಂತಿಗಳ ಬಗ್ಗೆ ಹುಷಾರಾಗಿರಿ. ಅವು ಮಾಮೂಲಿ ಶ್ರುತಿಗಿಂತ ಮೇಲೆ ಹೋಗುತ್ತವೆ. ನಿಧಾನವಾಗಿ ತಿರುಗಿಸಿ, ನಡುವೆ ಸ್ವಲ್ಪ ಹೊತ್ತು ಬಿಡಿ. ಹಳೆ ತಂತಿಯಾದರೆ ಬೇಡ.

ಪಿಟೀಲುಪ್ರಿಯೆ:
ಜಿಯಲ್ಲೇ ನುಡಿಸಿದೆ, ಒಂದೇ ಬೆರಳಲ್ಲಿ ಬಂತು! ಆದರೂ ನನ್ನದು ಆರಾಧನೆಯ ಕೃತಿಯಂತೆ ಕೇಳುತ್ತೆ. ಕುಣಿಯಬೇಕು ಅನ್ನಿಸಲ್ಲ.

ನಾಲ್ಕುತಂತಿ:
ನಿಮ್ಮ ‘ಗ’ ಅಲುಗಾಡುತ್ತಿರಬೇಕು. ಶಂಕರಾಭರಣದ ಅಭ್ಯಾಸ ಬಿಡೋದು ಕಷ್ಟ, ನನಗೂ ತಿಂಗಳುಗಟ್ಟಲೆ ಹಿಡಿಯಿತು. ಬೆರಳನ್ನು ನೇರವಾಗಿ ಒತ್ತಿ, ಅಲ್ಲೇ ಬಿಡಿ. ಅಲಂಕಾರ ಬೇಕಾದರೆ ಐರಿಷ್ ರೋಲ್ ಕಲಿಯಿರಿ: ಗ-ಮ-ಗ-ರಿ-ಗ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ. ಕಮಾನಿನ ಎಳೆತ ಕೂಡ ಗಿಡ್ಡ ಮಾಡಿ. ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ. ಮೊದಲು ಬರಿ ‘ಸ’ ತಂತಿಯ ಮೇಲೆ ಇಷ್ಟೇ ಹತ್ತು ನಿಮಿಷ ಮಾಡಿ, ಆಮೇಲೆ ರಾಗಕ್ಕೆ ಬನ್ನಿ.

ಪಿಟೀಲುಪ್ರಿಯೆ:
ನಿನ್ನೆ ರಾತ್ರಿ ಹಾಗೇ ಮಾಡಿದೆ. ಪಕ್ಕದ ರೂಮಿನ ಹುಡುಗಿ ಕಾಲು ತಟ್ಟುತ್ತಿದ್ದಳು. ಬುಧವಾರ ಪೈಪಿನವರ ಜೊತೆ ಎಯಲ್ಲಿ ನುಡಿಸಬೇಕು, ಹೊಸ ತಂತಿ ತಂದಿದ್ದೇನೆ.