ಸಹಾಯ ಬೇಕು: ಒಂಟಿ ಕುದುರೆಯನ್ನು ತೋಟದಲ್ಲಿ ಸಾಕಬಹುದೇ, ಲಾಯದಲ್ಲೇ ಬಿಡುವುದು ಸರಿಯೇ?

ಎಲ್ಲರಿಗೂ ನಮಸ್ಕಾರ. ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ತಳಿಯ ಹೆಣ್ಣು ಕುದುರೆಯೊಂದನ್ನು ಮಗಳ ಸವಾರಿಗೆಂದು ಕೊಂಡು, ಬೆಂಗಳೂರಿನ ಹೊರವಲಯದ ಲಾಯವೊಂದರಲ್ಲಿ ತಿಂಗಳ ಬಾಡಿಗೆಗೆ ಬಿಟ್ಟಿದ್ದೇವೆ. ಬಾಡಿಗೆ ಏರುತ್ತಲೇ ಇರುವುದರಿಂದ ದೊಡ್ಡಬಳ್ಳಾಪುರದ ಬಳಿಯಿರುವ ನಮ್ಮ ಎರಡು ಎಕರೆ ತೋಟಕ್ಕೆ ಅದನ್ನು ಕರೆತರಬೇಕೆಂದಿದ್ದೇವೆ.

ಕೊಟ್ಟಿಗೆಯ ಗಚ್ಚುನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ಮುಳ್ಳುತಂತಿಯನ್ನು ತೆಗೆಸಿ ಮರದ ಬೇಲಿ ಕಟ್ಟಿಸಿದ್ದಾಗಿದೆ. ಸುಮಾರು 450 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕೆ.ಜಿ. ಒಣಮೇವು ಬೇಕು. ಹಸುಗಳಿಗೆಂದು ಬೆಳೆದ ನೇಪಿಯರ್ ಹುಲ್ಲು ಧಾರಾಳವಾಗಿದ್ದರೂ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕುದುರೆಯ ಮೈಗೆ ಕ್ಯಾಲ್ಸಿಯಂ ಹತ್ತದಂತೆ ಮಾಡುವುದರಿಂದ ಅದನ್ನೇ ಮುಖ್ಯ ಮೇವಾಗಿ ಕೊಡುವಂತಿಲ್ಲ. ಹಾಗಾಗಿ ರೋಡ್ಸ್ ಹುಲ್ಲನ್ನು ಬಿತ್ತಿದ್ದೇವೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟುವವರು, ಪ್ರಯಾಣದ ಖರ್ಚು ಕೊಟ್ಟರೆ ಬರಲು ಒಪ್ಪಿದ್ದಾರೆ. ರಾತ್ರಿ ಹೊಟ್ಟೆಶೂಲೆ ಬಂದರೆ ಏನು ಗತಿ ಎಂಬ ಭಯವಂತೂ ಇದ್ದೇ ಇದೆ. ಊರಿನ ಪಶುವೈದ್ಯರಿಗೆ ಹಸು, ಎಮ್ಮೆಗಳದೇ ಅಭ್ಯಾಸ.

ಆದರೆ ನಾನು ನಿಜವಾಗಿ ಸಿಕ್ಕಿಕೊಂಡಿರುವುದು ಬೇರೆಡೆ. ಕುದುರೆ ಹಿಂಡಿನ ಪ್ರಾಣಿ. ಲಾಯದಲ್ಲಿ ಪಕ್ಕದ ಕುದುರೆಯನ್ನು ಸವಾರಿಗೆ ಕರೆದೊಯ್ದರೂ ನಮ್ಮದು ಕೆನೆಯುತ್ತಾ ಸುತ್ತು ಹೊಡೆಯುತ್ತದೆ. ಹಸುಗಳ ಜೊತೆಯೇ ಸಾಕಾಗುತ್ತದೆ ಎಂದು ಕೆಲವರು, ಇನ್ನೊಂದು ಕುದುರೆಯೇ ಬೇಕೆಂದು ಕೆಲವರು ಹೇಳುತ್ತಾರೆ. ಎರಡನೆಯದನ್ನು ಸಾಕುವುದಾದರೆ ಉಳಿತಾಯದ ಮಾತೇ ಇಲ್ಲ.

ಒಂಟಿ ಕುದುರೆಯನ್ನು ಹಸುಗಳೊಂದಿಗೆ ಸಾಕಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಅದು ಹೊಂದಿಕೊಂಡಿತೇ, ಅದಕ್ಕೆ ಎಷ್ಟು ಕಾಲ ಹಿಡಿಯಿತು, ಲಾಯದ ಜಾಗವನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಬೇಕೇ?