ತೀರ್ಥಹಳ್ಳಿಯ ನಾಯಿಮರಿಯನ್ನು ಬರ್ಲಿನ್‌ಗೆ ಕರೆದೊಯ್ಯಲು ಏನೇನು ಮಾಡಿಸಬೇಕು?

ಬರ್ಲಿನ್_ತೀರ್ಥಹಳ್ಳಿ:
ನಮಸ್ಕಾರ. ನನ್ನ ಕೆಲಸ ಬರ್ಲಿನ್‌ನಲ್ಲಿ, ಈಗ ರಜೆಗೆ ಊರಿಗೆ ಬಂದಿದ್ದೇನೆ. ನಮ್ಮ ಕೊಟ್ಟಿಗೆಯಲ್ಲಿ ಬೀದಿನಾಯಿಯೊಂದು ಏಪ್ರಿಲ್ ಮೊದಲ ವಾರ ಮರಿ ಹಾಕಿದೆ. ಅದರಲ್ಲೊಂದು ಹೆಣ್ಣುಮರಿಯನ್ನು ನಾನೇ ಸಾಕಬೇಕು ಅಂತಿದ್ದೇನೆ. ಜೂನ್ 25ಕ್ಕೆ ನನ್ನ ವಿಮಾನ. ಅಷ್ಟರೊಳಗೆ ರೇಬೀಸ್ ಚುಚ್ಚುಮದ್ದು ಹಾಕಿಸಿ ಜೊತೆಗೇ ಕರೆದೊಯ್ಯಬಹುದೇ? ಆಗದಿದ್ದರೆ ಅಪ್ಪ-ಅಮ್ಮ ಇಲ್ಲಿ ಏನೇನು ಮಾಡಿಸಬೇಕು?

ಪಶುವೈದ್ಯ_ಶಿವಮೊಗ್ಗ:
ಜೂನ್ 25ಕ್ಕೆ ಖಂಡಿತ ಆಗುವುದಿಲ್ಲ. ನವೆಂಬರ್ ಕೊನೆಗೆ ಲೆಕ್ಕ ಹಾಕಿ.

ಐರೋಪ್ಯ ಒಕ್ಕೂಟದ ನಿಯಮದಲ್ಲಿ ಕ್ರಮವೇ ಮುಖ್ಯ. ಮೊದಲು ಮೈಕ್ರೋಚಿಪ್ (ಚರ್ಮದಡಿ ಸೇರಿಸುವ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ. ಒಂದೇ ದಿನ ಎರಡೂ ಮಾಡಿಸಬಹುದು, ಆದರೆ ಚಿಪ್ ಮೊದಲು. ಲಸಿಕೆ ಮೊದಲು ಬಿದ್ದಿದ್ದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಲಸಿಕೆಯ ಹೊತ್ತಿಗೆ ಮರಿಗೆ 12 ವಾರ ತುಂಬಿರಬೇಕು. ಏಪ್ರಿಲ್ 7ಕ್ಕೆ ಹುಟ್ಟಿದ್ದು ಅಂತ ಹಿಡಿದರೆ ಜೂನ್ 30ಕ್ಕೆ ತುಂಬುತ್ತದೆ. ನೀವು ಹೊರಡುವ ಮೊದಲೇ ಆಗಲಿ ಎಂದು ಅವಸರ ಮಾಡಬೇಡಿ, ಒಂದು ದಿನ ಕಡಿಮೆಯಾದರೂ ಆ ಲಸಿಕೆ ನಡೆಯುವುದಿಲ್ಲ.

ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಒಕ್ಕೂಟದ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಬೇಕು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಹೆಚ್ಚು ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು, ರಿಪೋರ್ಟ್ ಬಂದ ದಿನದಿಂದಲ್ಲ.

ಒಂದೇ ಡೋಸ್ ಬಿದ್ದ ಮರಿಗಳಲ್ಲಿ 0.5 ಮುಟ್ಟದೇ ಹೋಗುವುದುಂಟು. ಹಾಗಾದರೆ ಮತ್ತೆ ಲಸಿಕೆ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಅದಕ್ಕೇ ಜುಲೈ 1ಕ್ಕೆ ಚಿಪ್ ಮತ್ತು ಮೊದಲ ಡೋಸ್, ಜುಲೈ 29ಕ್ಕೆ ಎರಡನೆಯದು, ಆಗಸ್ಟ್ 29ಕ್ಕೆ ರಕ್ತ. ನವೆಂಬರ್ 29ರ ನಂತರ ಪ್ರಯಾಣ. ಒಂದೇ ಡೋಸಿನಲ್ಲಿ ಹೋದರೆ ಒಂದು ತಿಂಗಳು ಉಳಿಯುತ್ತದೆ, ಆದರೆ ನನಗದು ಸರಿ ಕಾಣುವುದಿಲ್ಲ.

ಸೀರಮ್_ಟ್ಯೂಬ್:
ಮೇಲಿನವರು ಹೇಳಿದ್ದು ಸರಿ. ಕೆಲಸ ಕೆಡುವುದು ಸಣ್ಣ ವಿಷಯಗಳಲ್ಲಿ. ಚಿಪ್ 15 ಅಂಕಿಯ ಐಎಸ್‌ಒ ಮಾದರಿಯದೇ ಇರಲಿ. ಹಾಕುವ ಮೊದಲೂ ಹಾಕಿದ ಮೇಲೂ ರೀಡರ್ ಹಿಡಿಸಿ ನಂಬರ್ ನೋಡಿ. ಲಸಿಕೆ ಪುಸ್ತಕ, ರಕ್ತದ ಫಾರಂ, ಆರೋಗ್ಯ ಪ್ರಮಾಣಪತ್ರ ಮೂರರಲ್ಲೂ ಅದೇ ನಂಬರ್ ಇರಬೇಕು, ಒಂದು ಅಂಕಿ ತಪ್ಪಿದರೂ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಲಸಿಕೆಯ ಹೆಸರು, ಬ್ಯಾಚ್ ನಂಬರ್, ಹಾಕಿದ ದಿನ, ಯಾವತ್ತಿನವರೆಗೆ ಊರ್ಜಿತ ಎಂಬುದನ್ನೂ ಬರೆಸಿಕೊಳ್ಳಿ.

ರಕ್ತವನ್ನು ಹಾಗೇ ಐಸ್ ಮೇಲಿಟ್ಟು ಬೆಂಗಳೂರಿಗೆ ಕಳಿಸಬೇಡಿ. ಕಣಗಳು ಒಡೆದು ಸೀರಮ್ ಕೆಂಪಾಗುತ್ತದೆ, ಪರೀಕ್ಷೆಗೆ ಬರುವುದಿಲ್ಲ. ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಿಳಿಯಾದ ಹಳದಿ ಸೀರಮ್ ಮಾತ್ರ ಬೇರೆ ಟ್ಯೂಬಿಗೆ ತೆಗೆಸಿ ಕಳಿಸಿ. ಸೆಂಟ್ರಿಫ್ಯೂಜ್ ತೀರ್ಥಹಳ್ಳಿಯಲ್ಲಿ ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಕೊಪ್ಪ_ಕಾನು:
ಕಾಗದಪತ್ರದಷ್ಟೇ ಮುಖ್ಯ ಉಣುಗು. ದನದ ಜೊತೆ ಕಾಡಿಗೆ ಹೋಗುವ ನಾಯಿ ಮೈತುಂಬ ಉಣುಗು ಹೊತ್ತು ಬರುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ಸೊರಬದಲ್ಲೇ ಇರುವುದು, ಹಾಗಾಗಿ ಉಣುಗು ಮನೆಯೊಳಗೆ ಬಂದರೆ ಮನುಷ್ಯರಿಗೂ ಅಪಾಯವೇ. ಮರಿಯನ್ನು ಅಂಗಳದಲ್ಲೇ ಇರಿಸಿಕೊಳ್ಳಿ. ಫ್ಲುರಾಲನರ್ ಮಾತ್ರೆಯಾದರೆ ಸುಮಾರು 12 ವಾರ ಕೆಲಸ ಮಾಡುತ್ತದೆ, ತೂಕ ನೋಡಿ ವೈದ್ಯರೇ ಕೊಡಲಿ. ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ, ಬಾಲದ ಬುಡದಲ್ಲಿ ದಿನಾ ತಡವಿ ನೋಡಿ.

ಮಳೆಗಾಲದಲ್ಲಿ ಮೂಗಿನಿಂದ ರಕ್ತ ಬಂದರೆ ಉದಾಸೀನ ಬೇಡ ಮಾರಾಯ್ರೇ. ಒಂದೇ ಹೊಳ್ಳೆಯಿಂದ ಬಂದು ನಾಯಿ ಸೀನುತ್ತಿದ್ದರೆ ಒಳಗೆ ಉಂಬಳ ಸೇರಿರಬಹುದು. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು ಜೊತೆಗಿದ್ದರೆ ಉಣುಗು ಜ್ವರದಿಂದ ಪ್ಲೇಟ್‌ಲೆಟ್ ಇಳಿದಿರಬಹುದು, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಹೊರಡುವ ಮೊದಲು ಉಣುಗಿನಿಂದ ಬರುವ ರೋಗಾಣುಗಳಾದ ಎರ್ಲಿಕಿಯಾ, ಬೆಬೀಸಿಯಾ ಎರಡಕ್ಕೂ ಪರೀಕ್ಷೆ ಆಗಲಿ. ಬೆಬೀಸಿಯಾ ಗಿಬ್ಸೋನಿ ರಕ್ತದ ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು) ಕಾಣದೆ ತಪ್ಪಿಸಿಕೊಳ್ಳುತ್ತದೆ, ಪಿಸಿಆರ್ ಮಾಡಿಸಿ.

ಬರ್ಲಿನ್_ತೀರ್ಥಹಳ್ಳಿ:
ಎಲ್ಲರಿಗೂ ಧನ್ಯವಾದ. ಹಾಗಾದರೆ ನಾನೇ ಡಿಸೆಂಬರಿನಲ್ಲಿ ಬರಬೇಕೇ? ಅಪ್ಪ ಬರ್ಲಿನ್‌ಗೆ ಬರುವಾಗ ಕರೆತಂದರೆ ಆಗುವುದಿಲ್ಲವೇ?

ಪಶುವೈದ್ಯ_ಶಿವಮೊಗ್ಗ:
ಆಗುತ್ತದೆ, ಆದರೆ ನಿಮ್ಮ ಲಿಖಿತ ಒಪ್ಪಿಗೆ ಅವರ ಕೈಯಲ್ಲಿರಬೇಕು. ನಾಯಿ ಪ್ರಯಾಣಿಸುವ ದಿನಕ್ಕಿಂತ ಐದು ದಿನ ಹಿಂದೆ ಅಥವಾ ಮುಂದೆ, ಅಷ್ಟರೊಳಗೆ ನೀವೂ ಪ್ರಯಾಣ ಮಾಡಿರಬೇಕು. ಇಲ್ಲದಿದ್ದರೆ ವ್ಯಾಪಾರದ ಸಾಗಣೆಯ ನಿಯಮ ಅನ್ವಯಿಸುತ್ತದೆ, ಅದು ಇನ್ನೂ ಬಿಗಿ. ನೀವೇ ಬರುವುದು ಸುಲಭ.

ಒಕ್ಕೂಟದ ಆರೋಗ್ಯ ಪ್ರಮಾಣಪತ್ರಕ್ಕೆ ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕೇಂದ್ರದ ಅಧಿಕಾರಿಯ ಸಹಿ ಬೇಕು. ಸಹಿಯಾದ 10 ದಿನದೊಳಗೆ ನಾಯಿ ಅಲ್ಲಿ ಇಳಿಯಬೇಕು. ಟಿಕೆಟ್ ಮೊದಲು ಗಟ್ಟಿ ಮಾಡಿ, ಆಮೇಲೆ ಅಪಾಯಿಂಟ್‌ಮೆಂಟ್. ಹೆಲ್ಸಿಂಕಿ ಮೂಲಕ ಹೋದರೆ ಲಾಡಿಹುಳದ ಔಷಧಿಯೂ ಬೇಕಾಗುತ್ತದೆ, ಅದನ್ನು ಇಳಿಯುವ 24ರಿಂದ 120 ಗಂಟೆ ಮೊದಲು ಕೊಟ್ಟಿರಬೇಕು. ನೇರ ಜರ್ಮನಿಗೆ ಹೋದರೆ ಬೇಡ.

ಬರ್ಲಿನ್_ನಾಯಿಸಾಕಣೆ:
ಇಲ್ಲಿಯ ಕಡೆಯದೂ ಹೇಳುತ್ತೇನೆ. ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಈಗಲೇ ತೆಗೆದುಕೊಳ್ಳಿ. ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ ತೆರಿಗೆ. ಹೊಣೆಗಾರಿಕೆ ವಿಮೆ ಕಡ್ಡಾಯ, ನೋಂದಣಿಯೂ ಕಡ್ಡಾಯ.

ಅಂಗಳದಲ್ಲಿ ಬಿಟ್ಟು ಬೆಳೆದ ನಾಯಿ ಹಗ್ಗ, ಲಿಫ್ಟು, ರೈಲಿನ ಸದ್ದು ಕಂಡಿರುವುದಿಲ್ಲ. ಈ ಐದು ತಿಂಗಳಲ್ಲಿ ಅಪ್ಪ-ಅಮ್ಮ ದಿನಾ ಹತ್ತು ನಿಮಿಷ ಹಾರ್ನೆಸ್ ಹಾಕಿ ಪೇಟೆ ಬೀದಿಯಲ್ಲಿ ನಡೆಸಲಿ. ಊಟ ಕ್ರೇಟಿನೊಳಗೇ ಹಾಕಲಿ, ಬಾಗಿಲು ಮೊದಲು ತೆರೆದಿರಲಿ, ರೂಢಿಯಾದ ಮೇಲೆ ಸ್ವಲ್ಪಸ್ವಲ್ಪ ಹೊತ್ತು ಮುಚ್ಚಲಿ. ಕ್ರೇಟಿನಲ್ಲಿ ತಲೆ ತಾಗದೆ ನಿಂತು, ತಿರುಗಿ, ಕಾಲು ಚಾಚಿ ಮಲಗಲು ಜಾಗ ಬೇಕು. ಅಳತೆ ನವೆಂಬರಿನಲ್ಲಿ ಮತ್ತೊಮ್ಮೆ ತೆಗೆಯಿರಿ, ಜುಲೈನಲ್ಲಿ ಕೊಂಡದ್ದು ಅಷ್ಟರಲ್ಲಿ ಸಾಲದೇ ಹೋಗುತ್ತದೆ. ವಿಮಾನಕ್ಕೆ ಮೊದಲು ನಿದ್ರೆ ಮಾತ್ರೆ ಕೊಡಬೇಡಿ, ರಕ್ತದೊತ್ತಡ ಇಳಿದು ಉಸಿರಾಟಕ್ಕೆ ತೊಂದರೆಯಾಗಬಹುದು.