ಬೆನ್ನುಹುರಿಯೊಳಗಿನ ಎಪೆಂಡಿಮೋಮಾ ತೆಗೆದ ಮೇಲೆ ಉಳಿದ ಜೋಮು ಮತ್ತು ಉರಿ: ಮುಂದೆ ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಸಮೀಪದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಕಳೆದ ವರ್ಷ ನನ್ನ ಕತ್ತಿನ ಭಾಗದ ಬೆನ್ನುಹುರಿಯ ಒಳಗೇ ಬೆಳೆದಿದ್ದ ಎಪೆಂಡಿಮೋಮಾ ಎಂಬ ಗಡ್ಡೆಯನ್ನು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಅದಕ್ಕೆ ಮುಂಚೆ ಬಹಳ ಕಾಲ ಎಲ್ಲರೂ ಅದನ್ನು ಕತ್ತಿನ ಮೂಳೆಯ ಸವೆತವೆಂದೇ ತಿಳಿದಿದ್ದರು. ಕಾಲರ್ ಹಾಕಿಕೊಂಡು, ನೋವಿನ ಮಾತ್ರೆ ನುಂಗಿಕೊಂಡು ಪಾಠ ಮಾಡುತ್ತಿದ್ದೆ. ಒಂದು ದಿನ ಕೈಯಲ್ಲಿದ್ದ ಸೀಮೆಸುಣ್ಣ ಜಾರಿ ಬಿದ್ದದ್ದು ತಿಳಿಯದೆ ಬರಿ ಬೆರಳಿನಲ್ಲೇ ಹಲಗೆಯ ಮೇಲೆ ಬರೆಯಲು ಹೋದಾಗ ಮಕ್ಕಳು ನಕ್ಕರು. ಎಂಆರ್‌ಐ ಮಾಡಿಸಿದ್ದು ಆಮೇಲೆ.

ಗಡ್ಡೆಯನ್ನು ಪೂರ್ತಿಯಾಗಿ ತೆಗೆಯಲಾಗಿದೆ, ಅದು ನಿಧಾನವಾಗಿ ಬೆಳೆಯುವ 2ನೇ ದರ್ಜೆಯದು, ವಿಕಿರಣ ಚಿಕಿತ್ಸೆಯ ಅಗತ್ಯವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ತೆಗೆದ ಸ್ಕ್ಯಾನ್ ಕೂಡ ಚೆನ್ನಾಗಿದೆ. ಆದರೆ ಮೊದಲು ಇಲ್ಲದ ತೊಂದರೆಗಳು ಈಗ ಇವೆ. ಪಾದ ನೆಲದ ಮೇಲೆ ಎಲ್ಲಿದೆ ಎಂಬುದು ನೋಡದೆ ತಿಳಿಯುವುದಿಲ್ಲ. ಕರೆಂಟು ಹೋದರೆ ನಿಂತಲ್ಲೇ ನಿಲ್ಲಬೇಕು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಬೇಸಿನ್ ಕಡೆಗೆ ವಾಲಿಬಿಡುತ್ತೇನೆ. ಸಂಜೆಯಾದರೆ ಎರಡೂ ಕೈಗಳಲ್ಲಿ ಹಸಿಮೆಣಸಿನಕಾಯಿ ಹೆಚ್ಚಿದಂಥ ಉರಿ. ಮನೆಯವರಿಗೆ ಇದನ್ನು ಹೇಳಿದರೆ, "ಕ್ಯಾನ್ಸರ್ ಅಲ್ಲವಲ್ಲ, ಗಡ್ಡೆಯೂ ಹೋಯಿತಲ್ಲ, ಇನ್ನೇನು?" ಎನ್ನುತ್ತಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುವುದು, ಆದರೂ ಬೇಸರವಾಗುತ್ತದೆ.

ಇದೇ ತೊಂದರೆಯೊಂದಿಗೆ ವರ್ಷಗಳಿಂದ ಬದುಕುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಇದು ಕಡಿಮೆಯಾಗುತ್ತದೆಯೇ? ಉರಿ ಹೆಚ್ಚಾದಾಗಲೆಲ್ಲ ಗಡ್ಡೆ ಮತ್ತೆ ಬಂತೆಂದು ಹೆದರಬೇಕೇ? ಶಾಲೆಗೆ ಮರಳುವುದು ಸಾಧ್ಯವೇ?

ಗೋಡೆಗಡಿಯಾರ

ಮೇಡಂ, ನಾನು ದಾವಣಗೆರೆಯಲ್ಲಿ ಗಡಿಯಾರ ರಿಪೇರಿ ಮಾಡುವವನು. ನನ್ನದೂ ಇದೇ ಗಡ್ಡೆ, ಇದೇ ಜಾಗ. ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷ ದಾಟಿದೆ. ಮೊದಲ ವರ್ಷದಲ್ಲಿ ನಡಿಗೆ ಸಾಕಷ್ಟು ಸುಧಾರಿಸಿತು. ಬೆರಳ ತುದಿಗಳ ಸ್ಪರ್ಶ ಮಾತ್ರ ಪೂರ್ತಿ ಮರಳಲಿಲ್ಲ, ಈಗ ಮರಳುವ ನಿರೀಕ್ಷೆಯನ್ನೂ ಇಟ್ಟುಕೊಂಡಿಲ್ಲ. ಕೈಗಡಿಯಾರದ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದರೆ ಹಿಡಿದದ್ದು ತಿಳಿಯದು, ಒತ್ತಿದರೆ ಎಷ್ಟು ಒತ್ತಿದೆನೆಂಬುದೂ ತಿಳಿಯದು. ಹಾಗಾಗಿ ಆ ಕೆಲಸವನ್ನು ತಮ್ಮನಿಗೆ ಬಿಟ್ಟು ಗೋಡೆಗಡಿಯಾರಗಳನ್ನೂ ಗಿರಾಕಿಗಳನ್ನೂ ನಾನು ನೋಡಿಕೊಳ್ಳುತ್ತೇನೆ.

ಪಾದ ಹೇಳುತ್ತಿದ್ದುದನ್ನೆಲ್ಲ ಈಗ ಕಣ್ಣು ಹೇಳಬೇಕು, ಆದ್ದರಿಂದ ಬೆಳಕಿಗೆ ಖರ್ಚು ಮಾಡಿ. ಮಲಗುವ ಕೋಣೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಭರವಸೆಯಿಲ್ಲದ ಕಾರಣ ದಿಂಬಿನ ಪಕ್ಕ ಟಾರ್ಚ್ ಇರಲಿ. ಹವಾಯಿ ಚಪ್ಪಲಿಯನ್ನು ಬಿಟ್ಟುಬಿಡಿ. ಅದು ಕಾಲಿನಿಂದ ಕಳಚಿಹೋದರೂ ತಿಳಿಯುವುದಿಲ್ಲ. ನಾನು ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದದ್ದಿದೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಸರಿ. ಮುಖ ತೊಳೆಯುವಾಗ ಸೊಂಟವನ್ನು ಬೇಸಿನ್‌ಗೆ ಆನಿಸಿ ನಿಲ್ಲಿ, ಸ್ನಾನವನ್ನು ಸ್ಟೂಲಿನ ಮೇಲೆ ಕುಳಿತೇ ಮಾಡಿ. ಬಕೆಟ್‌ಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸಿ, ಮನೆಯವರು ಮುಟ್ಟಿ ನೋಡಿದ ಮೇಲೆಯೇ ಮೈಗೆ ಹಾಕಿಕೊಳ್ಳಿ. ನಮ್ಮಂಥವರಿಗೆ ಸುಟ್ಟದ್ದು ತಿಳಿಯುವುದು ಬೊಬ್ಬೆ ಎದ್ದ ಮೇಲೆ. ಇದೇ ಕಾರಣಕ್ಕೆ ರಾತ್ರಿ ಮಲಗುವ ಮುನ್ನ ಅಂಗಾಲುಗಳನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು.

ಉರಿಯ ವಿಷಯ: ಸಾಮಾನ್ಯ ನೋವಿನ ಮಾತ್ರೆಗಳು ಇದಕ್ಕೆ ಹೆಚ್ಚು ನಾಟುವುದಿಲ್ಲ. ಇದು ನರದಿಂದಲೇ ಹುಟ್ಟುವ ನೋವು. ಇದಕ್ಕೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಮುಂತಾದವನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಉರಿ ಇಲ್ಲವಾಗುವುದಿಲ್ಲ, ಆದರೆ ಹಿಂದಕ್ಕೆ ಸರಿಯುತ್ತದೆ. ವೈದ್ಯರನ್ನು ಕೇಳದೆ ದಿಢೀರನೆ ನಿಲ್ಲಿಸಬೇಡಿ.

ತುಂಗಾತೀರ

ಸರ್, ಬೇಸಿನ್ ಮತ್ತು ಚಪ್ಪಲಿಯ ವಿಷಯ ಓದಿ ನಮ್ಮ ಮನೆಯವರಿಗೂ ತೋರಿಸಿದೆ. ಪ್ರಿಗ್ಯಾಬಲಿನ್ ನನಗೂ ಕೊಟ್ಟಿದ್ದಾರೆ, ಆದರೆ ಬೆಳಗಿನ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ತಲೆ ಮಂಕಾಗಿರುತ್ತದೆ. ಈ ಸ್ಥಿತಿಯಲ್ಲಿ ತರಗತಿಯಲ್ಲಿ ನಿಲ್ಲುವುದು ಹೇಗೆ?

ಫಿಸಿಯೋ_ಹುಬ್ಬಳ್ಳಿ

ಮೇಡಂ, ಮಂಕಿನ ಬಗ್ಗೆ ನಿಮ್ಮ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಉರಿ ಸಂಜೆಗೆ ಹೆಚ್ಚುವುದಾದರೆ ಔಷಧದ ಹೆಚ್ಚಿನ ಪಾಲನ್ನು ರಾತ್ರಿಗೆ ಹೊಂದಿಸಲು ಆಗುವುದೇ ಎಂದು ಕೇಳಬಹುದು. ನಾನು ಬರೆಯಬೇಕೆಂದದ್ದು ನಿಮ್ಮ ನಡಿಗೆಯ ಬಗ್ಗೆ.

ಬೆನ್ನುಹುರಿಯ ಒಳಗಿನ ಗಡ್ಡೆಯನ್ನು ತಲುಪಲು ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಹಿಂಬದಿಯಿಂದ, ನಟ್ಟನಡುವಿನ ಗೆರೆಯಲ್ಲಿ ಬೆನ್ನುಹುರಿಯನ್ನು ಬಿಡಿಸುತ್ತಾರೆ. ಆ ಗೆರೆಯ ಎಡಬಲಗಳಲ್ಲಿಯೇ ಕೈಕಾಲುಗಳ ಕೀಲು ಯಾವ ಭಂಗಿಯಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರತಂತುಗಳು ಸಾಗುತ್ತವೆ. ಗಡ್ಡೆಯನ್ನು ಎಷ್ಟೇ ನಾಜೂಕಾಗಿ ತೆಗೆದರೂ ಆ ತಂತುಗಳಿಗೆ ಸ್ವಲ್ಪ ಪೆಟ್ಟು ಬೀಳುವುದುಂಟು. ಹಾಗಾಗಿ ಸ್ನಾಯುವಿನಲ್ಲಿ ಶಕ್ತಿ ಇದ್ದರೂ ಹೆಜ್ಜೆ ತಪ್ಪುತ್ತದೆ. ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಇದರಿಂದ ಭಾವಿಸಬೇಕಿಲ್ಲ.

19ನೇ ಶತಮಾನದ ಕೊನೆಯಲ್ಲಿ, ಸಿಫಿಲಿಸ್ ರೋಗದಿಂದ ಇದೇ ತಂತುಗಳು ಹಾಳಾದವರಿಗಾಗಿ ಸ್ವಿಟ್ಜರ್ಲೆಂಡಿನ ವೈದ್ಯ ಫ್ರೆಂಕೆಲ್ ಒಂದು ಬಗೆಯ ವ್ಯಾಯಾಮವನ್ನು ರೂಪಿಸಿದರು. ನಾವು ಇಂದಿಗೂ ಅದನ್ನೇ ಕಲಿಸುತ್ತೇವೆ. ಮಲಗಿ, ತಲೆಯನ್ನು ಎತ್ತರಕ್ಕಿಟ್ಟು ಪಾದವನ್ನು ನೋಡುತ್ತಾ, ಎಣಿಸುತ್ತಾ, ಹಿಮ್ಮಡಿಯನ್ನು ನಿಧಾನವಾಗಿ ಎಳೆದು ಬಿಡುವುದು. ಆಮೇಲೆ ಕುಳಿತು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗುರುತುಗಳ ಮೇಲೆಯೇ ಪಾದವಿಡುವುದು. ಕೊನೆಗೆ ನಿಂತು ನಡೆಯುವುದು. ಬಲ ಪ್ರಯೋಗಿಸಬೇಕಿಲ್ಲ, ನಿಖರತೆ ಬೇಕು. ವೇಗವಾಗಿ ಮಾಡಿದರೆ ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಒಮ್ಮೆ ಅಲ್ಲಿ ತೋರಿಸಿ ಮನೆಯಲ್ಲಿ ಮಾಡುವ ಕ್ರಮವನ್ನು ಕಲಿತು ಬಂದರೆ ಊರಿನಲ್ಲೇ ಮುಂದುವರಿಸಬಹುದು.

ಇನ್ನೊಂದು ಮಾತು, ಸಂಕೋಚವಿಲ್ಲದೆ ಓದಿ. ಮೂತ್ರ ಹೊರಟು ಅರ್ಧಕ್ಕೆ ನಿಲ್ಲುವುದು, ಪೂರ್ತಿ ಹೋಗಿಲ್ಲವೆನಿಸುವುದು, ಪದೇ ಪದೇ ಸೋಂಕಾಗುವುದು ಇದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಎಷ್ಟೋ ಮಹಿಳೆಯರು ಈ ವಿಷಯವನ್ನು ಮುಚ್ಚಿಡುತ್ತಾರೆ. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರ ವಿಸರ್ಜನೆಯ ನಂತರ ಎಷ್ಟು ಉಳಿಯುತ್ತದೆ ಎಂಬುದನ್ನು ಸರಳ ಅಲ್ಟ್ರಾಸೌಂಡ್‌ನಿಂದಲೇ ನೋಡಬಹುದು. ಹಾಗೆಯೇ, ಜೋಮು ಬಿಡಿಸುತ್ತೇವೆಂದು ಕತ್ತು ತಿರುವುವವರ ಬಳಿ, ಬಿಸಿ ಎಣ್ಣೆಯ ಮಾಲೀಶು ಮಾಡುವವರ ಬಳಿ ದಯವಿಟ್ಟು ಹೋಗಬೇಡಿ.

ಕಡತವಿಲೇವಾರಿ

ನನ್ನ ಅಕ್ಕನಿಗೂ ಬೆನ್ನುಹುರಿಯ ಗಡ್ಡೆಯಾಗಿತ್ತು, ಅವರೂ ಸರ್ಕಾರಿ ನೌಕರರು. ಕಾನೂನಿನ ಅಂಶವನ್ನಷ್ಟೇ ಹೇಳುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಹುದ್ದೆ ನಿಭಾಯಿಸಲು ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವೆಂದು ಪ್ರಮಾಣೀಕರಿಸಿದರೆ ಮೀಸಲಾತಿಯಂಥ ಇತರ ಸೌಲಭ್ಯಗಳೂ ಅನ್ವಯಿಸುತ್ತವೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಆದರೆ ನಿಮ್ಮ ವಿಷಯದಲ್ಲಿ ಹುದ್ದೆ ಬದಲಿಸುವ ಮೊದಲು ಸಣ್ಣ ಅನುಕೂಲಗಳನ್ನು ಲಿಖಿತವಾಗಿ ಕೇಳಿ: ನೆಲಮಹಡಿಯ ತರಗತಿ, ಕುಳಿತು ಪಾಠ ಮಾಡಲು ಎತ್ತರದ ಕುರ್ಚಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲುವುದರಿಂದ ವಿನಾಯಿತಿ. ಮುಖ್ಯೋಪಾಧ್ಯಾಯರು ಬಾಯಿಮಾತಿನಲ್ಲಿ ಒಪ್ಪಿದರೂ ಅರ್ಜಿಯ ಪ್ರತಿಗೆ ಸ್ವೀಕೃತಿ ಪಡೆಯಿರಿ, ಏಕೆಂದರೆ ಮುಂದಿನ ವರ್ಷ ಅವರೇ ವರ್ಗವಾಗಿ ಹೋಗಿರಬಹುದು.

ನರಶಸ್ತ್ರ

ನಾನು ನರಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನಿಮ್ಮ ಸ್ಕ್ಯಾನ್ ನೋಡದೆ ನಿಮ್ಮದೇ ಸ್ಥಿತಿಯ ಬಗ್ಗೆ ತೀರ್ಪು ಹೇಳಲಾರೆ, ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ಬೆನ್ನುಹುರಿಯ ಒಳಗೆ ಬೆಳೆಯುವ ಗಡ್ಡೆಗಳೇ ಅಪರೂಪ; ವಯಸ್ಕರಲ್ಲಿ ಅವುಗಳ ಪೈಕಿ ಎಪೆಂಡಿಮೋಮಾ ಹೆಚ್ಚಾಗಿ ಕಾಣುತ್ತದೆ. ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ ಅದು ಮರುಕಳಿಸುವುದು ಕಡಿಮೆ. ಆದರೆ ಮರುಕಳಿಸಿದರೆ ಹಲವು ವರ್ಷಗಳ ನಂತರವೂ ಮರುಕಳಿಸಬಹುದಾದ ಗಡ್ಡೆ ಇದು. ಹಾಗಾಗಿ ಚೆನ್ನಾಗಿದ್ದೇನೆಂದು ನಾಲ್ಕೈದು ವರ್ಷದ ನಂತರ ಎಂಆರ್‌ಐ ನಿಲ್ಲಿಸಿಬಿಡುವುದನ್ನು ನಾನು ಒಪ್ಪುವುದಿಲ್ಲ. ಅಂತರ ಎಷ್ಟಿರಬೇಕೆಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ.

ದಿನದಿಂದ ದಿನಕ್ಕೆ ಏರಿಳಿಯುವ ಉರಿ, ಮಳೆ ಚಳಿಗೆ ಹೆಚ್ಚಿ ಬಿಸಿಲಿಗೆ ಇಳಿಯುವ ಬಿಗಿತ, ನಿದ್ದೆಗೆಟ್ಟ ಮರುದಿನದ ಜೋಮು, ಜ್ವರ ಬಂದಾಗ ಭಾರವಾಗುವ ಕಾಲು, ಇವೆಲ್ಲ ಹಳೆಯ ಗಾಯದ ಲಕ್ಷಣಗಳು. ಏರಿದ್ದು ಇಳಿಯುತ್ತಿದ್ದರೆ ಗಾಬರಿ ಬೇಡ. ವಾರಗಳ ಕಾಲ ಒಂದೇ ದಿಕ್ಕಿನಲ್ಲಿ ಹದಗೆಡುತ್ತಾ ಹೋಗುವುದು ಬೇರೆ ವಿಷಯ: ಮೊದಲು ಹಾಕುತ್ತಿದ್ದ ಗುಂಡಿ ಈಗ ಹಾಕಲಾಗದು, ಜೋಮು ಹೊಸ ಜಾಗಕ್ಕೆ ಹರಡಿದೆ, ರಾತ್ರಿ ಮಲಗಿದಾಗಲೇ ಕತ್ತು ನೋಯುತ್ತದೆ. ಆಗ ಮುಂದಿನ ವಾರ್ಷಿಕ ಸ್ಕ್ಯಾನ್‌ಗೆ ಕಾಯದೆ ತೋರಿಸಿ. ಮೂತ್ರ ಕಟ್ಟಿದರೆ ಅಥವಾ ಕೈಕಾಲಿನ ಶಕ್ತಿ ದಿಢೀರನೆ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿಯೇ ಒಂದು ಅಳತೆ ಇಟ್ಟುಕೊಳ್ಳಬಹುದು: ತಿಂಗಳಿಗೊಮ್ಮೆ ಒಂದೇ ಪೆನ್ನಿನಲ್ಲಿ ಒಂದೇ ಸಾಲನ್ನು ಬರೆದು ದಿನಾಂಕ ಹಾಕಿಡಿ. ಗಣಿತ ಶಿಕ್ಷಕಿಯಾದ ನಿಮಗೆ ನನಗಿಂತ ಚೆನ್ನಾಗಿ ಹೋಲಿಸಲು ಬರುತ್ತದೆ.

ಕುಟುಂಬದಲ್ಲಿ ಯಾರಿಗಾದರೂ ಇಂಥ ಗಡ್ಡೆ, ಇಲ್ಲವೇ ಎರಡೂ ಕಿವಿಗಳ ನರದಲ್ಲಿ ಗಡ್ಡೆ ಇದ್ದರೆ ವೈದ್ಯರಿಗೆ ತಿಳಿಸಿ. ಎನ್‌ಎಫ್2 ಎಂಬ ಆನುವಂಶಿಕ ಕಾಯಿಲೆಯಲ್ಲಿ ಇವು ಕಾಣಿಸಿಕೊಳ್ಳುತ್ತವೆ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಕುಟುಂಬದಲ್ಲಿ ಯಾರಿಗೂ ಇಲ್ಲ. ಡಾಕ್ಟರೇ, ಮುಂದಿನ ಎಂಆರ್‌ಐ ಅನ್ನು ಶಿವಮೊಗ್ಗದಲ್ಲೇ ಮಾಡಿಸಿ ವರದಿಯನ್ನು ಬೆಂಗಳೂರಿಗೆ ಕಳಿಸಿದರೆ ಸಾಕೇ?

ನರಶಸ್ತ್ರ

ಮಾಡಿಸಬಹುದು, ಆದರೆ ವರದಿಯ ಹಾಳೆಯೊಂದೇ ಸಾಲದು. ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಔಷಧ) ಕೊಟ್ಟು ತೆಗೆಯಬೇಕೆಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ, ಅದಕ್ಕೆ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ನೋಡಿಸಿ. ಚಿತ್ರಗಳ ಸಿಡಿಯನ್ನು ಕೇಳಿ ಪಡೆಯಿರಿ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಸ್ಕ್ಯಾನ್‌ನ ಸಿಡಿಯನ್ನೂ ಜೊತೆಗೆ ಕಳಿಸಿ. ಕತ್ತರಿಸಿದ ಜಾಗದ ಕಲೆಯೂ ಕೆಲವೊಮ್ಮೆ ಕಾಂಟ್ರಾಸ್ಟ್‌ನಲ್ಲಿ ಬೆಳ್ಳಗೆ ಕಾಣುವುದರಿಂದ, ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡದೆ ಅದು ಕಲೆಯೋ ಹೊಸ ಗಡ್ಡೆಯೋ ಎಂದು ಹೇಳುವುದು ಕಷ್ಟ. ಎರಡೂ ಸಿಡಿಗಳ ಒಂದೊಂದು ಪ್ರತಿ ಮನೆಯಲ್ಲಿರಲಿ.